ಗ್ರಬ್ ಗೇಟಿನ ಈಚೆ ಆಚೆ: ಲಿನಕ್ಸ್ ಕಂಪ್ಯೂಟರ್ ಶುರುವಾಗುವ ಬಗೆ

ಹೋದ ಬೇಸಿಗೆಯಲ್ಲಿ ಮುಧೋಳ ಕಡೆಯ ಡಿಪ್ಲೊಮಾ ವಿದ್ಯಾರ್ಥಿಯೊಬ್ಬ ತನ್ನ ಹಳೆಯ ಲ್ಯಾಪ್‌ಟಾಪನ್ನು ಚೀಲದಲ್ಲಿ ಹಾಕಿಕೊಂಡು ಬಾಗಲಕೋಟೆಯ ನವನಗರದಲ್ಲಿರುವ ನಮ್ಮ ಮನೆಗೆ ಬಂದಿದ್ದ. ಗುಂಡಿ ಒತ್ತಿದರೆ ಕಪ್ಪು ಪರದೆಯ ಮೇಲೆ ‘ಅಂಥ ಪಾರ್ಟಿಷನ್ (ಡಿಸ್ಕಿನ ಪಾಲು) ಇಲ್ಲ’ ಎಂಬರ್ಥದ ಒಂದು ಸಾಲು, ಅದರ ಕೆಳಗೆ ‘ಗ್ರಬ್ ರೆಸ್ಕ್ಯೂ’ ಎಂಬ ಎರಡು ಪದ, ಪಕ್ಕದಲ್ಲಿ ಮಿನುಗುವ ಕರ್ಸರ್, ಅಷ್ಟೇ. ಅಂಗಡಿಯೊಂದರಲ್ಲಿ ತೋರಿಸಿದಾಗ ‘ಫಾರ್ಮ್ಯಾಟ್ ಹೊಡೀಬೇಕು’ ಎಂದಿದ್ದರಂತೆ. ‘ಪ್ರಾಜೆಕ್ಟ್ ರಿಪೋರ್ಟ್ ಎಲ್ಲಾ ಅದರಾಗ ಐತ್ರಿ ಸರ, ಹೋತೇನ್ರಿ?’ ಎಂದು ಕೇಳಿದ. ಹೋಗಿರಲಿಲ್ಲ. ಡಿಸ್ಕಿನಲ್ಲಿದ್ದ ಅವನ ಒಂದು ಕಡತವೂ ಅಳಿದಿರಲಿಲ್ಲ; ಕಂಪ್ಯೂಟರ್ ಶುರುವಾಗುವ ದಾರಿಯಲ್ಲಿ ಒಂದು ಹಂತವು ಮುಂದಿನ ಹಂತದ ವಿಳಾಸವನ್ನು ತಪ್ಪಾಗಿ ತಿಳಿದುಕೊಂಡಿತ್ತು, ಆಗಿದ್ದು ಇಷ್ಟೇ.

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ರಂದು ಮುಗಿದಿದೆ. ವಿಂಡೋಸ್ 11 ಕೇಳುವ ಟಿಪಿಎಂ 2.0 ಚಿಪ್ ಇಲ್ಲದ, ಆದರೆ ಇನ್ನೂ ಗಟ್ಟಿಮುಟ್ಟಾಗಿರುವ ಹಳೆಯ ಯಂತ್ರಗಳಿಗೆ ಉಬುಂಟು ಅಥವಾ ಲಿನಕ್ಸ್ ಮಿಂಟ್‌ನಂಥ ಲಿನಕ್ಸ್ ವಿತರಣೆ ಹಾಕಿಕೊಳ್ಳುವುದು ನ್ಯಾಯವಾದ ದಾರಿಯೇ. ಹಾಕಿಕೊಳ್ಳುವುದು ಈಗ ಕಷ್ಟದ ಕೆಲಸವಲ್ಲ. ಅರ್ಧ ಗಂಟೆಯಲ್ಲಿ ಮುಗಿಯುತ್ತದೆ. ಆದರೆ ಒಂದು ದಿನ ಅದು ಏಳಲಿಲ್ಲವೆಂದಾಗ ಏನು ನೋಡಬೇಕೆಂಬುದು ಗೊತ್ತಿಲ್ಲದೆ ಜನ ಮತ್ತೆ ಮೊದಲಿನಿಂದ ಎಲ್ಲವನ್ನೂ ಅಳಿಸಿ ಹಾಕುತ್ತಾರೆ.

ಘಟಪ್ರಭಾ ಕಾಲುವೆಯ ನೀರು ಕುಡಿಯುವ ಹೊಲದವರಿಗೆ ಇದನ್ನು ಹೇಳುವುದು ಸುಲಭ. ಹಿಡಕಲ್ ಜಲಾಶಯದಿಂದ ಬಿಟ್ಟ ನೀರು ಮುಖ್ಯ ಕಾಲುವೆಗೆ, ಅಲ್ಲಿಂದ ವಿತರಣಾ ಕಾಲುವೆಗೆ, ಅಲ್ಲಿಂದ ಹೊಲಗಾಲುವೆಗೆ ಬಂದು ಕೊನೆಗೆ ಕಬ್ಬಿನ ಸಾಲಿಗೆ ಇಳಿಯುತ್ತದೆ. ಕೊನೆಯಂಚಿನ ಹೊಲಕ್ಕೆ ನೀರು ಬರಲಿಲ್ಲವೆಂದರೆ ರೈತ ಹೊಲವನ್ನೇ ಅಗೆದು ಹೊಸದಾಗಿ ಮಾಡುವುದಿಲ್ಲ; ಕಾಲುವೆಯ ಏರಿಯ ಮೇಲೆ ಹಿಂದಕ್ಕೆ ನಡೆಯುತ್ತ ಹೋಗಿ ನೀರು ಯಾವ ಗೇಟಿನವರೆಗೆ ಬಂದು ನಿಂತಿದೆ ಎಂದು ನೋಡುತ್ತಾನೆ. ಕಂಪ್ಯೂಟರಿನಲ್ಲಿಯೂ ಮದರ್‌ಬೋರ್ಡಿನ ಫರ್ಮ್‌ವೇರ್ (ಅದರಲ್ಲೇ ತುಂಬಿಟ್ಟ ಪ್ರೋಗ್ರಾಮ್) ಬೂಟ್ ಲೋಡರನ್ನು (ಇಲ್ಲಿ ಗ್ರಬ್), ಬೂಟ್ ಲೋಡರ್ ಲಿನಕ್ಸ್‌ನ ತಿರುಳಾದ ಕರ್ನಲನ್ನು, ಕರ್ನಲ್ ಇನಿಟ್‌ರಾಮ್‌ಎಫ್‌ಎಸ್ ಎಂಬ ತಾತ್ಕಾಲಿಕ ವ್ಯವಸ್ಥೆಯನ್ನು, ಅದು ಡಿಸ್ಕಿನಲ್ಲಿರುವ, ಉಳಿದ ಸೇವೆಗಳನ್ನೆಲ್ಲ ಶುರು ಮಾಡುವ ಸಿಸ್ಟಮ್‌ಡಿಯನ್ನು, ಸಿಸ್ಟಮ್‌ಡಿ ಕೊನೆಗೆ ಲಾಗಿನ್ ಪರದೆಯನ್ನು ಎಬ್ಬಿಸುತ್ತವೆ. ಪ್ರತಿ ಹಂತಕ್ಕೂ ತನ್ನ ಮುಂದಿನ ಒಂದು ಹಂತ ಮಾತ್ರ ಗೊತ್ತು, ಅದರಾಚೆಯದು ಗೊತ್ತಿರುವುದಿಲ್ಲ. ಆದ್ದರಿಂದ ಪರದೆಯ ಮೇಲೆ ಕೊನೆಯದಾಗಿ ಯಾರ ಮಾತು ಕಾಣಿಸಿತೋ ಅವರವರೆಗೆ ನೀರು ಬಂದಿದೆ, ತೊಡಕಿರುವುದು ಅವರಿಗೂ ಮುಂದಿನವರಿಗೂ ನಡುವೆ. ಆ ಹುಡುಗನ ಪರದೆಯ ಮೇಲೆ ಗ್ರಬ್ ತನ್ನ ಹೆಸರು ಹೇಳಿಕೊಂಡಿತ್ತು. ಅಂದರೆ ಫರ್ಮ್‌ವೇರ್ ಸರಿಯಿತ್ತು, ಡಿಸ್ಕ್ ಓದಲು ಬರುತ್ತಿತ್ತು, ಗ್ರಬ್‌ನ ಮೊದಲ ತುಣುಕು ಎದ್ದಿತ್ತು.

ಮೊದಲ ತುಣುಕು ಎಂದೆ. ಗ್ರಬ್ ಏಕೆ ತುಣುಕುಗಳಲ್ಲಿದೆ ಎಂಬುದನ್ನು ತಿಳಿಯಲು ಬಯಾಸ್ ಎಂಬ ಹಳೆಯ ಫರ್ಮ್‌ವೇರಿನ ಕಾಲಕ್ಕೆ ಹೋಗಬೇಕು. ಡಿಸ್ಕನ್ನು ಸೆಕ್ಟರ್ ಎಂಬ ಸಣ್ಣ ತುಂಡುಗಳಾಗಿ ಹಂಚಿರುತ್ತಾರೆ. (ಆಲಮಟ್ಟಿ ಹಿನ್ನೀರಿಗೆ ಹಳೆ ಬಾಗಲಕೋಟೆಯ ಭಾಗಗಳು ಮುಳುಗಿದ ಮೇಲೆ ಸೆಕ್ಟರ್ ಸೆಕ್ಟರ್ ಆಗಿ ಕಟ್ಟಿದ ನವನಗರದಲ್ಲಿ ಈ ಪದಕ್ಕೆ ವಿವರಣೆ ಬೇಕಾಗುವುದಿಲ್ಲ.) ಬಯಾಸ್‌ಗೆ ಕಡತವೆಂದರೇನು, ಫೋಲ್ಡರ್ ಎಂದರೇನು ತಿಳಿಯದು. ಡಿಸ್ಕಿನ ಮೊಟ್ಟಮೊದಲ ಸೆಕ್ಟರನ್ನು, ಅಂದರೆ 512 ಬೈಟ್‌ಗಳನ್ನು, ಕಣ್ಣು ಮುಚ್ಚಿ ಮೆಮೊರಿಗೆ ಎತ್ತಿಕೊಂಡು ಅದನ್ನು ನಡೆಸುವುದಷ್ಟೇ ಅದಕ್ಕೆ ಬರುವ ಕೆಲಸ. ಎಂಬಿಆರ್ ಎಂದು ಕರೆಯುವ ಆ 512 ಬೈಟ್‌ಗಳಲ್ಲಿಯೂ 64 ಬೈಟ್‌ಗಳು ಪಾರ್ಟಿಷನ್ ಪಟ್ಟಿಗೆ ಹೋಗುತ್ತವೆ. 16 ಬೈಟ್‌ಗೊಂದರಂತೆ ನಾಲ್ಕೇ ಪಾರ್ಟಿಷನ್‌ಗಳಿಗೆ ಅಲ್ಲಿ ಜಾಗ. ಕೊನೆಯ 2 ಬೈಟ್ ಗುರುತಿನ ಮುದ್ರೆ. ಉಳಿದ 446 ಬೈಟ್‌ಗಳಲ್ಲಿ ಪ್ರೋಗ್ರಾಮ್ ಬರೆಯಬೇಕು. ಮೆನು ತೋರಿಸಿ, ಫೈಲ್ ಸಿಸ್ಟಮ್ (ಡಿಸ್ಕಿನಲ್ಲಿ ಕಡತಗಳನ್ನು ಜೋಡಿಸಿಟ್ಟ ವ್ಯವಸ್ಥೆ) ಓದಿ, ಕರ್ನಲ್ ಹುಡುಕುವ ಪ್ರೋಗ್ರಾಮ್ ಅಷ್ಟರಲ್ಲಿ ಹಿಡಿಯುವ ಮಾತೇ ಇಲ್ಲ. ಹೀಗಾಗಿ ಗ್ರಬ್‌ನ ಮೊದಲ ತುಣುಕು ‘ಇಂತಿಂಥ ಸೆಕ್ಟರಿನಲ್ಲಿ ನನ್ನ ದೊಡ್ಡಣ್ಣನಿದ್ದಾನೆ’ ಎಂದಷ್ಟೇ ಹೇಳುತ್ತದೆ. ಆ ದೊಡ್ಡಣ್ಣ, ಎಂಬಿಆರ್‌ಗೂ ಮೊದಲ ಪಾರ್ಟಿಷನ್‌ಗೂ ನಡುವಿನ ಖಾಲಿ ಜಾಗದಲ್ಲಿ ಕುಳಿತಿರುತ್ತಾನೆ. ಅವನಿಗೆ ಫೈಲ್ ಸಿಸ್ಟಮ್ ಓದಲು ಬರುತ್ತದೆ; ಲಿನಕ್ಸ್ ಇರುವ ಪಾರ್ಟಿಷನ್‌ಗೆ ಹೋಗಿ ಬೂಟ್ ಫೋಲ್ಡರಿನ ಗ್ರಬ್ ಎಂಬ ಉಪಫೋಲ್ಡರಿನಿಂದ ಉಳಿದ ಭಾಗಗಳನ್ನು ತರುತ್ತಾನೆ.

ಗ್ರಬ್‌ಗಿಂತ ಮೊದಲು ಬಹುಕಾಲ ಬಳಕೆಯಲ್ಲಿದ್ದ ಲಿಲೊ ಎಂಬ ಬೂಟ್ ಲೋಡರ್‌ಗೆ ಈ ಓದುವ ವಿದ್ಯೆ ಇರಲಿಲ್ಲ. ಕರ್ನಲ್ ಡಿಸ್ಕಿನ ಯಾವ ಯಾವ ಬ್ಲಾಕಿನಲ್ಲಿದೆ ಎಂದು ಮೊದಲೇ ಬರೆದಿಟ್ಟುಕೊಳ್ಳುತ್ತಿತ್ತು. ಹೊಸ ಕರ್ನಲ್ ಹಾಕಿದ ಮೇಲೆ ಲಿಲೊ ಕಮಾಂಡ್ ಮತ್ತೊಮ್ಮೆ ನಡೆಸುವುದನ್ನು ಮರೆತರೆ ಮರುದಿನ ಕಂಪ್ಯೂಟರ್ ಏಳುತ್ತಿರಲಿಲ್ಲ. ಎರಿಕ್ ಬೋಲಿನ್ 1995ರಲ್ಲಿ ಗ್ರಬ್ ಬರೆಯತೊಡಗಿದಾಗ ಆದ ದೊಡ್ಡ ಬದಲಾವಣೆ ಇದೇ: ಬೂಟ್ ಲೋಡರ್ ತಾನೇ ಫೈಲ್ ಸಿಸ್ಟಮ್ ಓದಿ ಹೆಸರು ಹಿಡಿದು ಕಡತ ಹುಡುಕತೊಡಗಿತು. ಲಿಲೊ ಅಭಿವೃದ್ಧಿ 2015ರಲ್ಲಿ ನಿಂತಿತು. ಇಂದು ನಾವು ಬಳಸುವುದು ಗ್ರಬ್‌ನ ಎರಡನೆಯ ತಲೆಮಾರು.

ಆದರೂ ಆ ದೊಡ್ಡಣ್ಣನಿಗೆ ಒಂದು ವಿಳಾಸವನ್ನು ಮೊದಲೇ ಬರೆದುಕೊಟ್ಟಿರಬೇಕಾಗುತ್ತದೆ: ಉಳಿದ ಭಾಗಗಳು ಯಾವ ಪಾರ್ಟಿಷನ್‌ನಲ್ಲಿವೆ ಎಂದು. ಮುಧೋಳದ ಹುಡುಗನ ಯಂತ್ರದಲ್ಲಿ ಸಿಕ್ಕಿಕೊಂಡಿದ್ದು ಇಲ್ಲಿಯೇ. ನಾಲ್ಕೇ ಪಾರ್ಟಿಷನ್‌ಗಳ ಮಿತಿ ದಾಟಲು ಹಳೆಯ ಡಿಸ್ಕುಗಳಲ್ಲಿ ಒಂದನ್ನು ವಿಸ್ತರಿತ ಪಾರ್ಟಿಷನ್ ಮಾಡಿ ಅದರೊಳಗೆ 5, 6, 7 ಎಂದು ಲಾಜಿಕಲ್ ಪಾರ್ಟಿಷನ್‌ಗಳನ್ನು ಮಾಡುತ್ತಾರೆ. ಅವನ ಯಂತ್ರದಲ್ಲಿ ವಿಂಡೋಸ್ ಕೂಡ ಇತ್ತು; ಲಿನಕ್ಸ್ 6ರಲ್ಲಿತ್ತು. 5 ಖಾಲಿ ಇದೆಯೆಂದು ವಿಂಡೋಸ್‌ನಲ್ಲಿ ಕುಳಿತು ಅದನ್ನು ತೆಗೆದುಹಾಕಿದ್ದ. ಲಾಜಿಕಲ್ ಪಾರ್ಟಿಷನ್‌ಗಳ ಸಂಖ್ಯೆ ಸಾಲಿನಲ್ಲಿ ನಿಂತ ಜನರ ಸಂಖ್ಯೆಯಂತೆ. ಒಬ್ಬ ಎದ್ದುಹೋದರೆ ಹಿಂದಿನವರೆಲ್ಲ ಒಂದೊಂದು ಹೆಜ್ಜೆ ಮುಂದೆ ಬರುತ್ತಾರೆ. 6 ಇದ್ದದ್ದು 5 ಆಯಿತು. ಗ್ರಬ್ ಇನ್ನೂ 6ನೇ ಮನೆಯ ಬಾಗಿಲು ಹುಡುಕುತ್ತಿತ್ತು.

ರೆಸ್ಕ್ಯೂ ಪರದೆ ಬಂದರೆ ಜನ ಬೆವರುತ್ತಾರೆ; ಅದರಲ್ಲಿ ನಡೆಯುವ ಕಮಾಂಡ್‌ಗಳು ಬೆರಳೆಣಿಕೆಯಷ್ಟು ಮಾತ್ರ. ‘ಎಲ್‌ಎಸ್’ ಎಂದು ಕೊಟ್ಟೆ. ಕಾಣುವ ಡಿಸ್ಕು ಮತ್ತು ಪಾರ್ಟಿಷನ್‌ಗಳ ಪಟ್ಟಿ ಆವರಣ ಚಿಹ್ನೆಯೊಳಗೆ ಬಂತು. ಗ್ರಬ್ ಡಿಸ್ಕನ್ನು ಸೊನ್ನೆಯಿಂದಲೂ ಪಾರ್ಟಿಷನ್ ಅನ್ನು ಒಂದರಿಂದಲೂ ಎಣಿಸುತ್ತದೆ, ಇದು ಮೊದಲ ಸಲ ಎಲ್ಲರನ್ನೂ ಎಡವಿಸುತ್ತದೆ. ‘ಎಲ್‌ಎಸ್’ ಜೊತೆಗೆ ಒಂದೊಂದೇ ಪಾರ್ಟಿಷನ್ ಹೆಸರನ್ನು, ಕೊನೆಗೆ ಓರೆಗೆರೆ ಹಾಕಿ, ಕೊಡುತ್ತ ಹೋದಾಗ 5ರಲ್ಲಿ ಬೂಟ್, ಹೋಮ್, ಇಟಿಸಿ ಎಂಬ ಫೋಲ್ಡರ್‌ಗಳು ಕಂಡವು. ಲಿನಕ್ಸ್ ಮನೆ ಸಿಕ್ಕಿತು. ‘ಸೆಟ್’ ಕಮಾಂಡಿನಿಂದ ರೂಟ್ ಎಂಬ ಹೆಸರಿಗೆ ಆ ಪಾರ್ಟಿಷನ್ನನ್ನೂ ಪ್ರಿಫಿಕ್ಸ್ ಎಂಬ ಹೆಸರಿಗೆ ಅಲ್ಲಿನ ಬೂಟ್‌ನೊಳಗಿನ ಗ್ರಬ್ ಫೋಲ್ಡರನ್ನೂ ಕೊಟ್ಟು, ‘ಇನ್ಸ್‌ಮಾಡ್ ನಾರ್ಮಲ್’ ಎಂದು ಒಂದು ಸಾಲು, ಬರೀ ‘ನಾರ್ಮಲ್’ ಎಂದು ಇನ್ನೊಂದು ಸಾಲು ಹೊಡೆದಾಗ ಹಳೆಯ ಮೆನು ಎದ್ದು ನಿಂತಿತು. ಹುಡುಗ ಕುರ್ಚಿಯಿಂದ ಅರ್ಧ ಎದ್ದಿದ್ದ.

ಆಮೇಲೆ ಲಿನಕ್ಸ್ ಯಾವ ತಕರಾರೂ ಇಲ್ಲದೆ ಶುರುವಾಯಿತು, ಸಂಖ್ಯೆ ಬದಲಾಗಿದ್ದರೂ. ಏಕೆಂದರೆ ಅಲ್ಲಿಂದ ಮುಂದಿನ ಹಂತಗಳು ಮನೆಯ ಸಂಖ್ಯೆಯನ್ನು ನಂಬುವುದಿಲ್ಲ. ಪ್ರತಿ ಫೈಲ್ ಸಿಸ್ಟಮ್ ಮಾಡುವಾಗ ಅದಕ್ಕೆ ಯುಯುಐಡಿ ಎಂಬ ಉದ್ದನೆಯ ಗುರುತು ಬರೆಯಲಾಗುತ್ತದೆ. ಡಿಸ್ಕನ್ನು ಬೇರೆ ಕೇಬಲ್ಲಿಗೆ ಚುಚ್ಚಿದರೂ ಸಾಲಿನಲ್ಲಿ ಹಿಂದುಮುಂದಾದರೂ ಆ ಗುರುತು ಬದಲಾಗದು. ‘ಓಣಿಯ ಆರನೆಯ ಮನೆ’ ಎನ್ನುವುದಕ್ಕೂ ಮನೆಯವರ ಹೆಸರು ಹಿಡಿದು ಕೇಳುವುದಕ್ಕೂ ಇರುವ ವ್ಯತ್ಯಾಸ ಇದು. ‘ಬಿಎಲ್‌ಕೆಐಡಿ’ ಕಮಾಂಡ್ ಕೊಟ್ಟರೆ ನಿಮ್ಮ ಡಿಸ್ಕಿನ ಗುರುತುಗಳೆಲ್ಲ ಕಾಣುತ್ತವೆ. ರೆಸ್ಕ್ಯೂ ಪರದೆಯಲ್ಲಿ ಹೊಡೆದದ್ದು ಆ ಒಂದು ಸಲಕ್ಕೆ ಮಾತ್ರ ಸಲ್ಲುವುದರಿಂದ, ಲಿನಕ್ಸ್ ಒಳಗೆ ಬಂದ ಮೇಲೆ ‘ಗ್ರಬ್-ಇನ್‌ಸ್ಟಾಲ್’ ಕಮಾಂಡನ್ನು ಡಿಸ್ಕಿನ ಹೆಸರಿನೊಂದಿಗೆ ನಡೆಸಿ ವಿಳಾಸವನ್ನು ಕಾಯಂ ತಿದ್ದಬೇಕು. ಅಲ್ಲಿ ಕೊಡಬೇಕಾದದ್ದು ಇಡೀ ಡಿಸ್ಕಿನ ಹೆಸರು, ಅಂದರೆ ‘ಎಸ್‌ಡಿಎ’. ಪಾರ್ಟಿಷನ್ ಸಂಖ್ಯೆ ಸೇರಿಸಿ ‘ಎಸ್‌ಡಿಎ5’ ಎಂದು ಕೊಡಬಾರದು.

ಹೊಸ ಯಂತ್ರಗಳಲ್ಲಿ ಈ 512 ಬೈಟ್‌ಗಳ ಇಕ್ಕಟ್ಟೇ ಇಲ್ಲ. ಬಯಾಸ್‌ನ ಜಾಗಕ್ಕೆ ಬಂದ ಯುಇಎಫ್‌ಐ ಫರ್ಮ್‌ವೇರ್‌ಗೆ ಫ್ಯಾಟ್ ಫೈಲ್ ಸಿಸ್ಟಮ್ ಓದಲು ಬರುತ್ತದೆ. ಡಿಸ್ಕಿನಲ್ಲಿ ಇಎಸ್‌ಪಿ ಎಂಬ ಸಣ್ಣ ಫ್ಯಾಟ್ ಪಾರ್ಟಿಷನ್ ಇರುತ್ತದೆ. ಅದರಲ್ಲಿ ಉಬುಂಟುವಿನದೊಂದು ಫೋಲ್ಡರ್, ಮೈಕ್ರೋಸಾಫ್ಟ್‌ನದೊಂದು ಫೋಲ್ಡರ್, ಒಳಗೆ ಅವರವರ ಬೂಟ್ ಲೋಡರ್ ಕಡತಗಳು ಅಕ್ಕಪಕ್ಕದಲ್ಲಿ ಜಗಳವಿಲ್ಲದೆ ಕೂತಿರುತ್ತವೆ. ಯಾವುದನ್ನು ಮೊದಲು ಎಬ್ಬಿಸಬೇಕೆಂಬ ಪಟ್ಟಿ ಮಾತ್ರ ಡಿಸ್ಕಿನಲ್ಲಿರದೆ ಮದರ್‌ಬೋರ್ಡಿನ ಸ್ಮರಣೆಯಲ್ಲಿರುತ್ತದೆ. ವಿಂಡೋಸ್‌ನ ದೊಡ್ಡ ಅಪ್‌ಡೇಟ್ ಆದ ಮೇಲೆ ‘ಲಿನಕ್ಸ್ ಅಳಿಸಿಹೋಯಿತು’ ಎಂದು ಬರುವವರಲ್ಲಿ ಹೆಚ್ಚಿನವರಿಗೆ ಆಗಿರುವುದು ಈ ಪಟ್ಟಿಯ ಕ್ರಮ ಬದಲಾದದ್ದಷ್ಟೇ. ಶುರುವಾಗುವಾಗ ಎಫ್12 ಅಥವಾ ಆಯಾ ತಯಾರಕರು ಇಟ್ಟ ಕೀಲಿ ಒತ್ತಿ ಬೂಟ್ ಮೆನು ತೆರೆದರೆ ಉಬುಂಟು ಅಲ್ಲಿಯೇ ಇರುತ್ತದೆ. ಲಿನಕ್ಸ್ ಒಳಗಿನಿಂದ ‘ಇಎಫ್‌ಐಬೂಟ್‌ಎಂಜಿಆರ್’ ಎಂಬ ಸಾಧನದಿಂದ ಈ ಪಟ್ಟಿಯನ್ನು ನೋಡಬಹುದು, ಕ್ರಮ ಬದಲಿಸಬಹುದು.

ಯುಇಎಫ್‌ಐ ಜೊತೆಗೆ ಸೆಕ್ಯೂರ್ ಬೂಟ್ ಬಂತು. ಸಹಿ ಇಲ್ಲದ ಪ್ರೋಗ್ರಾಮನ್ನು ಫರ್ಮ್‌ವೇರ್ ನಡೆಸುವುದಿಲ್ಲ ಎಂಬ ಕಟ್ಟಳೆ ಅದು. ಹೆಚ್ಚಿನ ಯಂತ್ರಗಳಲ್ಲಿ ತಯಾರಕರು ಮೈಕ್ರೋಸಾಫ್ಟ್‌ನ ಕೀಲಿಗಳನ್ನು ತುಂಬಿ ಕಳಿಸುವುದರಿಂದ, ಲಿನಕ್ಸ್ ವಿತರಣೆಗಳು ಶಿಮ್ ಎಂಬ ಪುಟ್ಟ ಪ್ರೋಗ್ರಾಮಿಗೆ ಮೈಕ್ರೋಸಾಫ್ಟ್ ಸಹಿ ಹಾಕಿಸಿಕೊಂಡು, ಆ ಶಿಮ್ ತಮ್ಮ ಗ್ರಬ್‌ನ ಸಹಿಯನ್ನು ಪರೀಕ್ಷಿಸುವಂತೆ ಮಾಡಿಕೊಂಡಿವೆ. ಒಂದು ಹಂತ ಹೆಚ್ಚಾದಂತೆ ಒಂದು ಗೇಟೂ ಹೆಚ್ಚಾಯಿತು. 2024ರ ಆಗಸ್ಟ್‌ನ ವಿಂಡೋಸ್ ಅಪ್‌ಡೇಟ್ ಈ ಬೂಟ್ ಪ್ರೋಗ್ರಾಮುಗಳ ಹಳೆಯ ಆವೃತ್ತಿಗಳನ್ನು ಅಮಾನ್ಯ ಮಾಡಿದಾಗ, ಎರಡೂ ವ್ಯವಸ್ಥೆ ಇದ್ದ ಹಲವು ಕಂಪ್ಯೂಟರ್‌ಗಳು ‘ಶಿಮ್’ ಹೆಸರು ಹೇಳಿ ನಿಂತುಬಿಟ್ಟವು. ಸೆಕ್ಯೂರ್ ಬೂಟ್ ತಾತ್ಕಾಲಿಕವಾಗಿ ಬಂದ್ ಮಾಡಿ, ಲಿನಕ್ಸ್‌ನ ಶಿಮ್ ಮತ್ತು ಗ್ರಬ್ ಹೊಸದು ಮಾಡಿಕೊಂಡು, ಮತ್ತೆ ಹಾಕಬಹುದು. ಒಂದು ಎಚ್ಚರಿಕೆ: ವಿಂಡೋಸ್ ಭಾಗಕ್ಕೆ ಬಿಟ್‌ಲಾಕರ್ ಬೀಗ ಇದ್ದರೆ ಈ ಸೆಟ್ಟಿಂಗ್ ಮುಟ್ಟುವ ಮೊದಲು ಅದರ ರಿಕವರಿ ಕೀಲಿ ಕೈಯಲ್ಲಿರಬೇಕು, ಇಲ್ಲವಾದರೆ ವಿಂಡೋಸ್ ಒಳಗೆ ಬಿಟ್ಟುಕೊಳ್ಳುವುದಿಲ್ಲ.

ಇನ್ನು ಗ್ರಬ್‌ನ ಹೊಂದಾಣಿಕೆಗಳು. ಬೂಟ್ ಫೋಲ್ಡರಿನಲ್ಲಿರುವ ಗ್ರಬ್.ಸಿಎಫ್‌ಜಿ ಕಡತವನ್ನು ಓದಿಯೇ ಮೆನು ಮೂಡುತ್ತದೆಂದು ತಿಳಿದವರು ನೇರವಾಗಿ ಅದನ್ನೇ ತಿದ್ದುತ್ತಾರೆ. ಮುಂದಿನ ಕರ್ನಲ್ ಅಪ್‌ಡೇಟ್ ಬಂದಾಗ ತಿದ್ದಿದ್ದೆಲ್ಲ ಮಾಯ. ಅದು ಯಂತ್ರ ಬರೆಯುವ ಕಡತ, ‘ತಿದ್ದಬೇಡಿ’ ಎಂದು ಅದರ ತಲೆಯ ಮೇಲೆಯೇ ಬರೆದಿರುತ್ತದೆ. ನಾವು ತಿದ್ದಬೇಕಾದದ್ದು ಇಟಿಸಿ ಫೋಲ್ಡರಿನ ಡೀಫಾಲ್ಟ್ ಎಂಬಲ್ಲಿರುವ ಗ್ರಬ್ ಎಂಬ ಪುಟ್ಟ ಕಡತ. ತಿದ್ದಿದ ಮೇಲೆ ಉಬುಂಟು, ಡೆಬಿಯನ್, ಮಿಂಟ್‌ಗಳಲ್ಲಿ ‘ಅಪ್‌ಡೇಟ್-ಗ್ರಬ್’ ನಡೆಸಿದರೆ ಹೊಸ ಮೆನು ಬರೆಯಲ್ಪಡುತ್ತದೆ. ಮೆನು ಎಷ್ಟು ಸೆಕೆಂಡು ಕಾಯಬೇಕು, ಯಾವ ಸಾಲು ತಾನಾಗಿ ಆಯ್ಕೆಯಾಗಬೇಕು ಎಂಬುದೆಲ್ಲ ಅಲ್ಲಿ ಒಂದೊಂದು ಸಾಲಿನ ಮಾತು. ಮನೆಯಲ್ಲಿ ಒಬ್ಬರು ವಿಂಡೋಸ್, ಇನ್ನೊಬ್ಬರು ಲಿನಕ್ಸ್ ಬಳಸುವುದಾದರೆ ಕೊನೆಯ ಸಲ ಆರಿಸಿದ್ದೇ ಮುಂದಿನ ಸಲವೂ ಬರುವಂತೆ ಡೀಫಾಲ್ಟ್ ಸಾಲಿನಲ್ಲಿ ‘ಸೇವ್ಡ್’ ಎಂದೂ ಸೇವ್‌ಡೀಫಾಲ್ಟ್ ಸಾಲಿನಲ್ಲಿ ‘ಟ್ರೂ’ ಎಂದೂ ಇಡಬಹುದು. ಅಲ್ಲಿಯೇ ಕರ್ನಲ್‌ಗೆ ಕಳಿಸುವ ಮಾತುಗಳ ಸಾಲಿನಲ್ಲಿ ‘ಕ್ವಾಯೆಟ್ ಸ್ಪ್ಲ್ಯಾಶ್’ ಎಂಬ ಎರಡು ಪದಗಳಿರುತ್ತವೆ. ಶುರುವಾಗುವಾಗಿನ ಸಂದೇಶಗಳನ್ನೆಲ್ಲ ಮುಚ್ಚಿ ಚಂದದ ಲಾಂಛನ ತೋರಿಸುವುದು ಅವುಗಳ ಕೆಲಸ. ನನ್ನ ಯಂತ್ರಗಳಲ್ಲಿ ಅವೆರಡನ್ನೂ ಕಿತ್ತುಹಾಕಿದ್ದೇನೆ. ನೀರು ಎಲ್ಲಿ ನಿಂತಿತೆಂದು ನೋಡಬೇಕಾದವರಿಗೆ ಕಾಲುವೆಯ ಮೇಲೆ ಹೊದಿಸಿದ ಚಂದದ ಚಾದರ ಯಾತಕ್ಕೂ ಬೇಡ.

ಒಂದೇ ಸಲಕ್ಕೆ ಬದಲಾವಣೆ ಬೇಕಿದ್ದರೆ ಕಡತ ಮುಟ್ಟುವ ಅಗತ್ಯವೂ ಇಲ್ಲ. ಮೆನುವಿನಲ್ಲಿ ಸಾಲಿನ ಮೇಲೆ ನಿಂತು ಇಂಗ್ಲಿಷಿನ ‘ಇ’ ಅಕ್ಷರ ಒತ್ತಿದರೆ ಅದನ್ನು ತಿದ್ದಬಹುದು, ಎಫ್10 ಒತ್ತಿದರೆ ತಿದ್ದಿದ ರೂಪದಲ್ಲಿ ಶುರುವಾಗುತ್ತದೆ. ಎನ್‌ವಿಡಿಯಾ ಗ್ರಾಫಿಕ್ಸ್ ಇರುವ ಯಂತ್ರದಲ್ಲಿ ಮೆನು ದಾಟಿ ಪರದೆ ಕಪ್ಪಾದರೆ, ‘ಲಿನಕ್ಸ್’ ಎಂದು ಶುರುವಾಗುವ ಸಾಲಿನ ಕೊನೆಗೆ ‘ನೋಮೋಡ್‌ಸೆಟ್’ ಎಂದು ಸೇರಿಸಿ ನೋಡುವುದು ಮೊದಲ ಪ್ರಯೋಗ. ಮೆನುವೇ ಕಾಣದಿದ್ದರೆ ಉಬುಂಟುವಿನಲ್ಲಿ ಬಯಾಸ್ ಯಂತ್ರಕ್ಕೆ ಶಿಫ್ಟ್, ಯುಇಎಫ್‌ಐ ಯಂತ್ರಕ್ಕೆ ಎಸ್ಕೇಪ್ ಕೀಲಿ. ಮೆನುವಿನಲ್ಲಿ ವಿಂಡೋಸ್ ಹೆಸರು ಮಾತ್ರ ಕಾಣದಿದ್ದರೆ ಗಾಬರಿ ಬೇಡ: 2021ರ ಗ್ರಬ್ 2.06ರಿಂದ, ಬೇರೆ ವ್ಯವಸ್ಥೆಗಳನ್ನು ಹುಡುಕುವ ಓಎಸ್-ಪ್ರೋಬರ್ ಅನ್ನು ಸುರಕ್ಷತೆಯ ಕಾರಣಕ್ಕೆ ಮೂಲದಲ್ಲಿಯೇ ಬಂದ್ ಮಾಡಿಟ್ಟಿದ್ದಾರೆ. ಅದೇ ಡೀಫಾಲ್ಟ್ ಕಡತದಲ್ಲಿ ಒಂದು ಸಾಲು ಸೇರಿಸಿ ಅದನ್ನು ಎಬ್ಬಿಸಬೇಕು.

ಗ್ರಬ್ ತನ್ನ ಕೆಲಸ ಮುಗಿಸುವಾಗ ಎರಡು ಕಡತಗಳನ್ನು ಮೆಮೊರಿಗೆ ಎತ್ತಿಟ್ಟು ಪಕ್ಕಕ್ಕೆ ಸರಿಯುತ್ತದೆ: ಒಂದು ಕರ್ನಲ್, ಇನ್ನೊಂದು ಇನಿಟ್‌ರಾಮ್‌ಎಫ್‌ಎಸ್. ಎರಡನೆಯದು ಏಕೆ ಬೇಕು? ಡಿಸ್ಕನ್ನು ಓದಲು ಬೇಕಾದ ಡ್ರೈವರ್ ಆ ಡಿಸ್ಕಿನಲ್ಲಿಯೇ ಇದ್ದರೆ, ತಿಜೋರಿಯ ಕೀಲಿಕೈ ತಿಜೋರಿಯೊಳಗೇ ಇದ್ದಂತಾಯಿತು. ಹಾಗಾಗದಂತೆ ಬೇಕಾದ ಡ್ರೈವರ್‌ಗಳನ್ನೂ, ಡಿಸ್ಕಿಗೆ ಪಾಸ್‌ವರ್ಡ್ ಬೀಗವಿದ್ದರೆ ಅದನ್ನು ತೆರೆಯುವ ಸಾಧನವನ್ನೂ ಒಂದು ಗಂಟಿನಲ್ಲಿ ಕಟ್ಟಿ ಮೊದಲೇ ಮೆಮೊರಿಗೆ ತರುತ್ತಾರೆ. ಹೊಸ ಕರ್ನಲ್ ಬಂದಾಗಲೆಲ್ಲ ಈ ಗಂಟನ್ನು ನಿಮ್ಮ ಯಂತ್ರದಲ್ಲಿಯೇ ಹೊಸದಾಗಿ ಕಟ್ಟಲಾಗುತ್ತದೆ. ನಮ್ಮ ಕಡೆ ಮುಂಗಾರಿನ ಮೊದಲ ಗಾಳಿಗೇ ಕರೆಂಟು ಹೋಗುತ್ತದೆ, ಡೆಸ್ಕ್‌ಟಾಪಿಗೆ ಯುಪಿಎಸ್ ಇರುವುದಿಲ್ಲ. ಗಂಟು ಅರ್ಧ ಕಟ್ಟಿದಾಗ ಕರೆಂಟು ಹೋದರೆ ಮುಂದಿನ ಸಲ ‘ಕರ್ನಲ್ ಪ್ಯಾನಿಕ್’ ಎಂದೂ ರೂಟ್ (ಮುಖ್ಯ) ಫೈಲ್ ಸಿಸ್ಟಮ್ ಮೌಂಟ್ ಮಾಡಲಾಗಲಿಲ್ಲ (ಜೋಡಿಸಲಾಗಲಿಲ್ಲ) ಎಂದೂ ಪರದೆ ತುಂಬ ಅಕ್ಷರಗಳು ಬಂದು ಯಂತ್ರ ಕಲ್ಲಾಗುತ್ತದೆ. ನೋಡಲು ಭಯಂಕರ, ಉಪಾಯ ಸರಳ. ಹಳೆಯ ಕರ್ನಲನ್ನು ವಿತರಣೆಗಳು ಬೇಕೆಂದೇ ಉಳಿಸಿಕೊಂಡಿರುತ್ತವೆ. ಗ್ರಬ್ ಮೆನುವಿನ ಅಡ್ವಾನ್ಸ್ಡ್ ಆಯ್ಕೆಗೆ ಹೋಗಿ ಹಿಂದಿನ ಸಂಖ್ಯೆಯ ಕರ್ನಲ್ ಆರಿಸಿದರೆ ಯಂತ್ರ ಏಳುತ್ತದೆ. ಒಳಗೆ ಬಂದು ಅರ್ಧಕ್ಕೆ ನಿಂತ ಪ್ಯಾಕೇಜುಗಳನ್ನು ‘ಡಿಪಿಕೆಜಿ’ಯಿಂದ ಮುಗಿಸಿ, ‘ಅಪ್‌ಡೇಟ್-ಇನಿಟ್‌ರಾಮ್‌ಎಫ್‌ಎಸ್’ ನಡೆಸಿ ಗಂಟನ್ನು ಮತ್ತೆ ಕಟ್ಟಬೇಕು. ಬೂಟ್‌ಗೆ ಪ್ರತ್ಯೇಕ ಪಾರ್ಟಿಷನ್ ಇದ್ದು ಅದು ಹಳೆಯ ಕರ್ನಲ್‌ಗಳಿಂದ ತುಂಬಿಹೋಗಿದ್ದರೂ ಗಂಟು ಅರ್ಧಕ್ಕೇ ನಿಲ್ಲುತ್ತದೆ. ಆಗ ಕಡತಗಳನ್ನು ಕೈಯಾರೆ ಅಳಿಸದೆ ‘ಆಪ್ಟ್ ಆಟೋರಿಮೂವ್’ ಮೂಲಕ ತೆಗೆಯುವುದು ಕ್ಷೇಮ.

ಇದರಾಚೆ ಸಿಸ್ಟಮ್‌ಡಿ ಬರುತ್ತದೆ. ಅದರ ವಿಷಯ ದೊಡ್ಡದು, ಇಲ್ಲಿಗೆ ಬೇಕಾದದ್ದು ಒಂದೇ: ಇಟಿಸಿ ಫೋಲ್ಡರಿನ ಎಫ್‌ಎಸ್‌ಟ್ಯಾಬ್ ಕಡತದಲ್ಲಿ ಹೆಸರಿಸಿದ ಡಿಸ್ಕುಗಳನ್ನೆಲ್ಲ ಅದು ಜೋಡಿಸಲು ನೋಡುತ್ತದೆ. ಹೊರಗಿನ ಹಾರ್ಡ್ ಡಿಸ್ಕೊಂದನ್ನು ಅಲ್ಲಿ ಸೇರಿಸಿ, ಒಂದು ದಿನ ಅದನ್ನು ಚುಚ್ಚದೆ ಯಂತ್ರ ಶುರು ಮಾಡಿದರೆ, ಸಿಸ್ಟಮ್‌ಡಿ 90 ಸೆಕೆಂಡು ಕಾದು ‘ಎಮರ್ಜೆನ್ಸಿ ಮೋಡ್’ ಎಂದು ಹೇಳಿ ನಿಲ್ಲುತ್ತದೆ. ಆ ಸಾಲಿನ ಆಯ್ಕೆಗಳಲ್ಲಿ ‘ನೋಫೇಲ್’ ಎಂದು ಸೇರಿಸಿದ್ದರೆ ಸಿಗದ ಡಿಸ್ಕನ್ನು ಬಿಟ್ಟು ಮುಂದೆ ಹೋಗುತ್ತಿತ್ತು.

ಗ್ರಬ್ ಪರದೆಯೂ ಬರದಷ್ಟು ಕೆಟ್ಟಾಗ ಪೆನ್‌ಡ್ರೈವ್‌ನಲ್ಲಿ ಲೈವ್ ಲಿನಕ್ಸ್ (ಡಿಸ್ಕಿಗೆ ಹಾಕದೆಯೇ ನಡೆಯುವ ಲಿನಕ್ಸ್) ಹಾಕಿಕೊಂಡು ಹೊರಗಿನಿಂದ ದುರಸ್ತಿ ಮಾಡಬೇಕಾಗುತ್ತದೆ. ಇಲ್ಲಿ ಜನ ಎಡವುವುದು ಮೊದಲ ಹೆಜ್ಜೆಯಲ್ಲಿ: ಡಿಸ್ಕಿನ ಲಿನಕ್ಸ್ ಯುಇಎಫ್‌ಐ ರೀತಿಯಲ್ಲಿ ಹಾಕಿದ್ದರೆ ಪೆನ್‌ಡ್ರೈವನ್ನೂ ಅದೇ ರೀತಿಯಲ್ಲಿ ಎಬ್ಬಿಸಬೇಕು. ಸಿಸ್ ಫೋಲ್ಡರಿನ ಫರ್ಮ್‌ವೇರ್ ಎಂಬಲ್ಲಿ ಇಎಫ್‌ಐ ಎಂಬ ಫೋಲ್ಡರ್ ಇದೆಯೇ ನೋಡಿದರೆ ಯಾವ ರೀತಿಯಲ್ಲಿ ಎದ್ದಿದ್ದೇವೆಂದು ತಿಳಿಯುತ್ತದೆ. ನಂತರ ‘ಎಲ್‌ಎಸ್‌ಬಿಎಲ್‌ಕೆ’ಯಿಂದ ಲಿನಕ್ಸ್ ಪಾರ್ಟಿಷನ್ ಗುರುತಿಸಿ ಎಂಎನ್‌ಟಿ ಫೋಲ್ಡರಿಗೆ ಮೌಂಟ್ ಮಾಡಿ, ಇಎಸ್‌ಪಿಯನ್ನು ಅದರೊಳಗಿನ ಬೂಟ್-ಇಎಫ್‌ಐ ಜಾಗಕ್ಕೆ ಮೌಂಟ್ ಮಾಡಿ, ಡೆವ್, ಪ್ರಾಕ್, ಸಿಸ್ ಎಂಬ ಮೂರನ್ನು ‘ಬೈಂಡ್’ ಆಯ್ಕೆಯಿಂದ ಒಳಗೆ ಕಾಣುವಂತೆ ಮಾಡಿ, ‘ಸಿಎಚ್‌ರೂಟ್’ ಹೊಡೆಯಬೇಕು. ಆ ಕ್ಷಣದಿಂದ ನೀವು ಪೆನ್‌ಡ್ರೈವ್‌ನ ಕರ್ನಲಿನ ಮೇಲೆ ನಿಂತಿದ್ದರೂ ಕೊಡುವ ಪ್ರತಿ ಕಮಾಂಡ್ ಡಿಸ್ಕಿನ ಲಿನಕ್ಸ್‌ಗೆ ನಾಟುತ್ತದೆ. ಆ ಮೂರನ್ನು ಬೈಂಡ್ ಮಾಡದೆ ಹೋದವರಿಗೆ ಗ್ರಬ್-ಇನ್‌ಸ್ಟಾಲ್ ಡಿಸ್ಕೇ ಕಾಣಲಿಲ್ಲವೆಂದು ದೂರುತ್ತದೆ. ಅಲ್ಲಿಂದ ಗ್ರಬ್-ಇನ್‌ಸ್ಟಾಲ್, ಅಪ್‌ಡೇಟ್-ಗ್ರಬ್ ಎರಡನ್ನೂ ನಡೆಸಿ ಹೊರಗೆ ಬಂದರಾಯಿತು. ಒಂದೇ ಗುಂಡಿಗೆ ಇದನ್ನೆಲ್ಲ ಮಾಡುವ ಸಾಧನಗಳೂ ಇವೆ. ಕೈಯಿಂದ ಒಮ್ಮೆ ಮಾಡಿದವರು ಬಳಸಿದರೆ ಅವು ಒಳ್ಳೆಯವು.

ಹುಡುಗನ ಲ್ಯಾಪ್‌ಟಾಪಿಗೆ ಅಷ್ಟೆಲ್ಲ ಬೇಕಾಗಲಿಲ್ಲ. ಎಲ್ಲ ಮುಗಿದು ವಿಂಡೋಸ್ ಕೂಡ ಏಳುತ್ತದೆಯೇ ಎಂದು ನೋಡುವಾಗ, ಬೆಳಗಿನ ಹನ್ನೊಂದಕ್ಕೆ ಅದರ ಗಡಿಯಾರ ಐದೂವರೆ ತೋರಿಸುತ್ತಿತ್ತು. ‘ಅದು ದಿನಾ ಹಂಗ ರಿ, ನಾನಽ ಸರಿ ಮಾಡ್ಕೋತೀನಿ’ ಎಂದ. ಮದರ್‌ಬೋರ್ಡಿನ ಗಡಿಯಾರದಲ್ಲಿ ಲಿನಕ್ಸ್ ಜಾಗತಿಕ ಸಮಯವನ್ನು ಬರೆಯುತ್ತದೆ, ವಿಂಡೋಸ್ ಅದನ್ನೇ ಸ್ಥಳೀಯ ಸಮಯವೆಂದು ಓದುತ್ತದೆ. ನಮ್ಮ ದೇಶದಲ್ಲಿ ಎರಡಕ್ಕೂ ಸರಿಯಾಗಿ 5 ಗಂಟೆ 30 ನಿಮಿಷದ ಅಂತರ. ಲಿನಕ್ಸ್‌ಗೆ ಮರಳಿ ‘ಟೈಮ್‌ಡೇಟ್‌ಸಿಟಿಎಲ್ ಸೆಟ್-ಲೋಕಲ್-ಆರ್‌ಟಿಸಿ 1’ ಎಂದು ಒಂದು ಸಾಲು ಹೊಡೆದು ಅದನ್ನೂ ಸ್ಥಳೀಯ ಸಮಯಕ್ಕೆ ಒಗ್ಗಿಸಿದೆ. ಹುಡುಗ ಎರಡು ಸಲ ಬಂದ್ ಮಾಡಿ ಶುರು ಮಾಡಿ, ಎರಡೂ ಕಡೆ ಒಂದೇ ಸಮಯ ಬಂದದ್ದನ್ನು ಮೊಬೈಲಿಗೆ ಹೋಲಿಸಿ ನೋಡಿಕೊಂಡು, ಮುಧೋಳ ಬಸ್ಸಿಗೆ ಹೊತ್ತಾಯಿತೆಂದು ಎದ್ದ.